ದುಃಖಕ್ಕೆ ಎಷ್ಟು ನೀಲಿ?

ನನ್ನ ಕೆಲಸದಲ್ಲಿ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಮೊದಮೊದಲು ಮನೆಗೆ ಬಂದು ಹೇಳಿಕೊಂಡು ನಗುತ್ತಿದ್ದೆ. ಈಗ ಸುಮ್ಮನೆ ಕಾಫಿ ಕುಡಿದು ಮಲಗುತ್ತೇನೆ.

ಚೆನ್ನೈನ ಒಂದು ಸ್ಟುಡಿಯೋದಲ್ಲಿ, ಶೂಟಿಂಗ್ ಮುಗಿದ ಸಿನಿಮಾಗಳ ಬಣ್ಣ ತಿದ್ದುವವನು ನಾನು. ಅಳುವ ದೃಶ್ಯಕ್ಕೆ ತುಸು ನೀಲಿ, ಹಳೆಯ ನೆನಪಿಗೆ ಹಳದಿ, ಭಯಕ್ಕೆ ಹಸಿರು. ಸರಿಯಾಗಿ ಮಾಡಿದರೆ ಯಾರ ಗಮನಕ್ಕೂ ಬರುವುದಿಲ್ಲ, ಅದೇ ಇದರ ಕರ್ಮ. ಕಡೇ ಪಕ್ಷ ನಮ್ಮಮ್ಮನಾದರೂ ಒಂದು ಸಲ ಗುರುತಿಸಲಿ ಎಂದು ಹದಿನೈದು ವರ್ಷದಿಂದ ಆಸೆ. ಅಮ್ಮ ಮಾತ್ರ ಟ್ರಿಪ್ಲಿಕೇನಿನ ನಮ್ಮ ಬೀದಿಯಲ್ಲಿ ಯಾರು ಕೇಳಿದರೂ "ಕಂಪ್ಯೂಟರ್ ಕೆಲಸ" ಎಂದು ಹೇಳಿ ಮುಗಿಸುತ್ತಾಳೆ.

೧. ಪಂಚೆ

ಒಂದು ಸಿನಿಮಾದಲ್ಲಿ ನಾಯಕನ ತಾತನ ಕಾಲದ ಕಥೆ ಬರುತ್ತಿತ್ತು. ನಿರ್ದೇಶಕರು ಕೇಳಿದಂತೆ ಊರಿಗೆ ಊರನ್ನೇ ಹೊಂಬಣ್ಣಕ್ಕೆ ತಿರುಗಿಸಿದೆ. ನಿರ್ಮಾಪಕರು ಬಂದರು. ಸದಾ ಗಂಜಿ ಹಾಕಿದ ಬಿಳಿ ಪಂಚೆ ಉಡುವವರು. ನೋಡಿದವರೇ, "ಏನ್ ಸಾರ್, ತಾತನ ಪಂಚೆ ಇಷ್ಟು ಹಳದಿ? ಅವರ ಮನೇಲಿ ಬಟ್ಟೆಗೆ ನೀಲಿ ಹಾಕೋರೇ ಇಲ್ವಾ?" ಎಂದರು.

ಅದು ನೆನಪಿನ ಬಣ್ಣ ಎಂದೆ. "ನೆನಪು ಹಳದಿ ಇರಲಿ, ಪಂಚೆ ಬೆಳ್ಳಗಿರಲಿ" ಎಂದರು.

ನಾಲ್ಕು ದಿನ ಕೂತು ಆ ಪಂಚೆಯೊಂದನ್ನೇ ಬೆಳ್ಳಗೆ ಮಾಡಿದೆ. ಬಿಡುಗಡೆಯ ದಿನ ಆ ದೃಶ್ಯ ಬಂತು. ನನ್ನ ಮುಂದಿನ ಸಾಲಿನವನು, ಸೋಪಿನ ಜಾಹೀರಾತು ಶುರುವಾಯಿತೆಂದು ಎದ್ದು ಪಾಪ್‌ಕಾರ್ನ್ ತರಲು ಹೋದ.

೨. ಕಾಮಾಲೆ

ಇನ್ನೊಬ್ಬ ನಿರ್ದೇಶಕರು ಬೆಸೆಂಟ್ ನಗರದ ತಮ್ಮ ಮನೆಯಲ್ಲೇ ಕೂತು, ನಾನು ಕಳಿಸಿದ್ದನ್ನು ಫೋನಿನಲ್ಲಿ ನೋಡುತ್ತಿದ್ದರು. "ಎಲ್ಲರಿಗೂ ಕಾಮಾಲೆ ಬಂದ ಹಾಗಿದೆ, ಹಳದಿ ತೆಗೀರಿ" ಎಂದರು. ತೆಗೆದೆ. "ಇನ್ನೂ ಇದೆ." ಇನ್ನೂ ತೆಗೆದೆ. ಮೂರನೇ ಸಲಕ್ಕೆ ಒಪ್ಪಿಕೊಂಡರು.

ಸ್ಟುಡಿಯೋಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ ಕೂಗಿಕೊಂಡರು. "ಇದೇನ್ರೀ, ಎಲ್ಲರೂ ನೀರಲ್ಲಿ ಮುಳುಗಿದ್ದಾರೆ!" ಅವರ ಫೋನು ಇಸಿದುಕೊಂಡು ನೋಡಿದೆ. ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುತ್ತಾರಲ್ಲ, ಆ ಸೆಟ್ಟಿಂಗು ಹಾಕಿತ್ತು. ಫೋನು ವಾಪಸ್ ಕೊಟ್ಟು, ನಾನು ಮೊದಲು ಮಾಡಿದ್ದನ್ನೇ ಮತ್ತೆ ಹಾಕಿ ತೋರಿಸಿದೆ.

"ನೋಡಿ, ಎಷ್ಟು ಚೆನ್ನಾಗಿದೆ. ಮೊದಲೇ ಹೀಗೆ ಮಾಡೋಕೆ ಏನಾಗಿತ್ತು?"

೩. ಅಮ್ಮನ ಕಣ್ಣು

ಹೋದ ತಿಂಗಳು ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣಿನದು ಬಾಕಿ ಇದೆ. ಕಣ್ಣು ಸುಧಾರಿಸಿದ ಮೇಲೆ ನನ್ನ ಹೊಸ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಮೂರು ತಿಂಗಳ ಕೆಲಸ ಅದು. ಒಂದೇ ಮನೆ, ಸುಖದ ದಿನಗಳಲ್ಲಿ ಹಳದಿ, ಯಜಮಾನ ಸತ್ತ ಮೇಲೆ ನೀಲಿ. ನಾನು ಪರದೆ ನೋಡಲಿಲ್ಲ, ಅಮ್ಮನನ್ನೇ ನೋಡುತ್ತಿದ್ದೆ.

ಇಂಟರ್ವಲ್‌ಗೆ ಮೊದಲು ಅಮ್ಮ ನನ್ನ ತೋಳು ಹಿಡಿದಳು. "ಏನಪ್ಪಾ, ಒಂದು ಸಲ ಹಳದಿ, ಒಂದು ಸಲ ನೀಲಿ ಕಾಣತ್ತಲ್ಲೋ?"

ಅಮ್ಮನ ಕೈ ಹಿಡಿದುಕೊಂಡೆ. "ಹೌದಮ್ಮಾ! ಅದೇ ನನ್ನ ಕೆಲಸ! ಅದಕ್ಕೇ ಮೂರು ತಿಂಗಳು ಹಿಡೀತು!"

ಅಮ್ಮ ಒಂದು ಕಣ್ಣು ಮುಚ್ಚಿದಳು. ಅದನ್ನು ತೆರೆದು ಇನ್ನೊಂದನ್ನು ಮುಚ್ಚಿದಳು. ಆಮೇಲೆ ನನ್ನ ಕಡೆ ಕನಿಕರದಿಂದ ತಿರುಗಿದಳು.

"ಪೊರೆ ಇರೋ ಕಣ್ಣಲ್ಲಿ ಹಳದಿ, ಆಪರೇಷನ್ ಆದ ಕಣ್ಣಲ್ಲಿ ನೀಲಿ. ಇಷ್ಟಕ್ಕೆ ನಿಂಗೆ ಮೂರು ತಿಂಗಳು ಬೇಕಾಯ್ತಾ? ಆ ಡಾಕ್ಟರು ಅರ್ಧ ಗಂಟೇಲಿ ಮುಗಿಸಿದ್ರಪ್ಪಾ!"