ಸದ್ದು ಬಿಟ್ಟ ಕರಿ ಎಂಜಿನ್ನಿಗೆ ಹಲ್ಲಿನ ಡಾಕ್ಟರ ಅಹವಾಲು

ಮಾನ್ಯರೇ,

ಅಂಗೈಯಷ್ಟೇ ಉದ್ದವಿದ್ದರೂ ನಮ್ಮ ಊಟದ ಮೇಜಿನ ಮುಕ್ಕಾಲು ಪಾಲನ್ನು ಹಳಿ, ಸೇತುವೆ ಸಮೇತ ಆಕ್ರಮಿಸಿ, ಮನೆಮಂದಿಯನ್ನೆಲ್ಲ ತಟ್ಟೆ ಕೈಯಲ್ಲಿ ಹಿಡಿಸಿ ನಿಲ್ಲಿಸಿರುವ ಆಟಿಕೆ ರೈಲಿನ ಕರಿ ಎಂಜಿನ್ ಮಹಾಶಯರ ಚಕ್ರಗಳಿಗೆ ನಮಸ್ಕರಿಸಿ, ನೊಂದ ಅಳಿಯನೊಬ್ಬ ಮಾಡಿಕೊಳ್ಳುವ ಬಹಿರಂಗ ಅರಿಕೆ.

ತಾವು ನನ್ನ ಮಾವನವರು ಪ್ರಾಯದಲ್ಲಿ ಕೊಂಡ ಎಂಜಿನ್. ಎದುರಿಗಿರುವವರ ಮುಖವೂ ಕಾಣದಷ್ಟು ಕಣ್ಣು ಮಂಜಾದ ಮೇಲೂ ಅವರು ದಿನಾ ಸಂಜೆ ತಮ್ಮನ್ನು ಓಡಿಸುತ್ತಿದ್ದರು. ತಿರುವಿನಲ್ಲಿ ತಮ್ಮ ಕಿರುಚಾಟ, ಸೇತುವೆಯ ಮೇಲೆ ಕಟಕಟ, ನೇರ ಹಳಿಯಲ್ಲಿ ಉಬ್ಬಸ. ಕಂಡವರ ಬಾಯಿಯನ್ನೆಲ್ಲ ರಿಪೇರಿ ಮಾಡುವ ನನಗೆ ಇದೇನು ಮಹಾ ಎನಿಸಿ, ಕ್ಲಿನಿಕ್ಕಿನ ಕುರ್ಚಿಯಲ್ಲೇ ತಮ್ಮನ್ನು ಮಲಗಿಸಿ, ದೀಪ ಬಗ್ಗಿಸಿ, ಹೊಟ್ಟೆ ಬಿಚ್ಚಿದೆ. ಅಂಟಾಗಿದ್ದ ಗ್ರೀಸನ್ನು ಕೆರೆದೆ, ಮೋಟಾರು ಬದಲಿಸಿದೆ, ಹೊಸ ಗೇರು ಕೂರಿಸಿ ಸವೆದದ್ದನ್ನು ಅಭ್ಯಾಸಬಲದಿಂದ ಕಿತ್ತ ಹಲ್ಲುಗಳ ಡಬ್ಬಿಗೆ ಎಸೆದೆ. ಮೊದಲ ಸಲ ವೈರುಗಳನ್ನು ಅದಲುಬದಲು ಜೋಡಿಸಿದ್ದಕ್ಕೆ ತಾವು ಹಿಂದಕ್ಕೇ ಓಡಿ ಸಕ್ಕರೆ ಡಬ್ಬಿಯನ್ನು ಉರುಳಿಸಿದಿರಿ. ನನ್ನ ತಪ್ಪಿಗೆ ಅಷ್ಟಕ್ಕೇ ಬಿಟ್ಟಿದ್ದನ್ನು ತಮ್ಮ ದೊಡ್ಡ ಗುಣವೆಂದೇ ಭಾವಿಸಿದೆ.

ಆಮೇಲೆ ತಾವು ಎಂಥ ಸಭ್ಯರಾದಿರಿ! ಪಿಟ್ಟೆನ್ನಲಿಲ್ಲ. ಮಾವನವರು ಗುಂಡಿ ತಿರುಗಿಸಿ ಕಿವಿಗೊಟ್ಟು ಕೂತರು. ತಾವು ಅವರ ಮೂಗಿನಡಿಯಲ್ಲೇ ಸುತ್ತು ಹಾಕುತ್ತಿದ್ದಿರಿ, ನಾನು ಶಭಾಸ್‌ಗಿರಿಗೆ ಕಾದು ನಿಂತಿದ್ದೆ.

"ಯಾಕೆ ಅಳಿಯಂದ್ರೇ, ಇನ್ನೂ ಹೊರಡ್ಲಿಲ್ವಾ?" ಎಂದು ಕೇಳಿದರು.

ಆಗಲೇ ಓಡುತ್ತಿದೆ ಎಂದೆ. ಒಳ್ಳೇದಾಯ್ತು ಎಂದು ಕೈ ತೆಗೆದವರು ಮತ್ತೆ ಆ ಮೇಜಿನ ಬಳಿ ಬಂದಿಲ್ಲ. ಸಂಜೆಯಾದರೆ ಗೋಡೆಗೆ ಮುಖಮಾಡಿ ಮಲಗುತ್ತಾರೆ. "ಅಪ್ಪ ನೋಡ್ತಾ ಇದ್ದದ್ದೇ ಕಿವೀಲಿ, ಅಷ್ಟೂ ತಿಳೀಲಿಲ್ವಾ ನಿಮಗೆ?" ಎಂದ ನನ್ನ ಹೆಂಡತಿ ಅಂದಿನಿಂದ ನನಗೆ ಚಹಾ ಕೊಡುವಾಗ ಲೋಟ ಕುಕ್ಕುತ್ತಾಳೆ. ನನಗೂ ತುಂಬಾ ನಾಚಿಕೆಯಾಗಿದೆ, ಮಹಾಶಯರೇ.

ಆದ್ದರಿಂದ ತಾವು ದಯಮಾಡಿ ಕೆಡಬೇಕು. ಕೈಲಾದಷ್ಟು ತುಕ್ಕು ಹಿಡಿಸಿಕೊಂಡು, ಉಬ್ಬಸ ಮರಳಿ ತರಿಸಿಕೊಂಡು, ತಿರುವಿನಲ್ಲಿ ನೆರೆಯವರು ಬಂದು ಬಾಗಿಲು ಬಡಿಯುವಂತೆ ಕಿರುಚಬೇಕು. ನಾನು ಎಣ್ಣೆ ಒರೆಸಿದೆ, ಸ್ಕ್ರೂ ಸಡಿಲಿಸಿದೆ, ಚಿಟಿಕೆ ಮರಳನ್ನೂ ಉಣಿಸಿದೆ. ತಾವು ಮಾತ್ರ ಹೊಸ ಸೊಸೆಯಂತೆ ಬಾಯಿ ಬಿಡುತ್ತಿಲ್ಲ. ಇಂದು ಸಂಜೆಯೊಳಗೆ ಕೆಡದಿದ್ದಲ್ಲಿ ನಾನೇ ಕ್ಲಿನಿಕ್ಕಿಗೆ ಹೋಗಿ ಆ ಡಬ್ಬಿಯನ್ನು ನೆಲಕ್ಕೆ ಸುರಿದು, ದವಡೆ ಹಲ್ಲುಗಳ ನಡುವೆ ತಮ್ಮ ಹಳೇ ಗೇರನ್ನು ಹುಡುಕಬೇಕಾಗುತ್ತದೆ.

ತಮ್ಮನ್ನು ಗುಣಪಡಿಸಿ ಕೆಟ್ಟ,
ತಮ್ಮ ವಿಶ್ವಾಸಿ,
ಈ ಮನೆಯ ಅಳಿಯ

ತಾ.ಕ.: ಗೇರು ಸಿಕ್ಕಿತು, ಕೂರಿಸಿದ್ದೂ ಆಯಿತು. ತಮ್ಮ ಮೊದಲ ಕಿರುಚಾಟಕ್ಕೇ ಮಾವನವರು ಎದ್ದು ಬಂದು ಗುಂಡಿ ಹಿಡಿದರು. "ಈಗ ನೋಡಿ, ಸರಿಯಾಗಿ ರಿಪೇರಿ ಆಯ್ತು," ಎಂದರು. ಕಿವಿಗೆ ಹತ್ತಿ ತುರುಕಿಕೊಂಡು ಇದೇ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದ ಕಡೆಯೆಲ್ಲ ತಾವು ಸೇತುವೆ ದಾಟುತ್ತಿದ್ದಿರಿ ಎಂದು ತಿಳಿಯತಕ್ಕದ್ದು.