ನಿಪ್ಪಾಣಿ ರಸ್ತೆಯಲ್ಲಿ ಖರ್ರ್!

"ಈ ಭಾನುವಾರ ಹೊತ್ತು ಮುಳುಗುವುದರೊಳಗೆ ನನ್ನ ಗಾಡಿಯ ಫುಟ್‌ರೆಸ್ಟು ನಿಪ್ಪಾಣಿ ರಸ್ತೆಗೆ ತಿಕ್ಕಿ ಕಿಡಿ ಹಾರದಿದ್ದರ ನನ್ನ ಹೆಸರು ಲಗಮಣ್ಣನ ಅಲ್ಲ!"

೧೯೮೮ರ ಒಂದು ಶುಕ್ರವಾರ, ಚಿಕ್ಕೋಡಿಯ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಈ ಘೋರ ಪ್ರತಿಜ್ಞೆ ಮಾಡಿದಾಗ ನನ್ನ ಹೆಂಡತಿ ಸುಂದರಾ ರೊಟ್ಟಿ ಬಡಿಯುತ್ತಿದ್ದಳು. ಪ್ರತಿಜ್ಞೆಗೆ ಮರ್ಯಾದೆ ಕೊಟ್ಟು ಬಡಿಯುವುದನ್ನಾದರೂ ನಿಲ್ಲಿಸಬೇಕಲ್ಲ? ನಿಲ್ಲಿಸಲಿಲ್ಲ.

"ಯಾಕ್ರಿ, ರಸ್ತೆ ನಿಮಗೇನ್ ಮಾಡೇತಿ?" ಎಂದಳು.

ರಸ್ತೆ ಏನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಬಾಪುಸಾಹೇಬ! ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಆತ ಆಟದ ಮಾಸ್ತರ. ದಿನಾ ನಿಪ್ಪಾಣಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದ. ಬಂದವನೇ ಗಾಡಿಯನ್ನು ಸ್ಟ್ಯಾಂಡಿಗೆ ಹಚ್ಚಿ, ಫುಟ್‌ರೆಸ್ಟಿನ ಸವೆದ ತುದಿಯನ್ನು ಕಂಡಕಂಡವರಿಗೆ ತೋರಿಸುತ್ತಿದ್ದ. ಪೈಲ್ವಾನ ತನ್ನ ಜಜ್ಜಿದ ಕಿವಿ ತೋರಿಸುವ ಹಾಗೆ!

"ತಿರುವಿನ್ಯಾಗ ಗಾಡೀನ ಹಿಂಗ ಮಲಗಸ್ಬೇಕು ನೋಡ್ರಿ ಸರ. ಇದು ಡಾಂಬರಿಗೆ ತಿಕ್ಕಿ ಕಿಡಿ ಹಾರಬೇಕು. ಅಂದ್ರ ಅದು ಗಾಡಿ ಹೊಡಿಯೂದು!" ಎಂದವನು ಅಷ್ಟಕ್ಕೇ ಸುಮ್ಮನಾದನೇ? ಬಗ್ಗಿ ನನ್ನ ಫುಟ್‌ರೆಸ್ಟನ್ನೂ ನೋಡಿದ. ಆರು ವರ್ಷದ ಗಾಡಿಯಾದರೂ ರಬ್ಬರಿನ ಮೇಲಿನ ಗೆರೆ ಸಹ ಅಳಿಸಿರಲಿಲ್ಲ. "ಇದನ್ನ ದೇವರ ಮನ್ಯಾಗ ಇಡ್ತೀರೇನ್ರಿ ಸರ?" ಎಂದ. ಇಡೀ ಸ್ಟಾಫ್ ರೂಮು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕೇಂದ್ರಾಭಿಮುಖ ಬಲವನ್ನು ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ ನನಗೆ, ಕಬಡ್ಡಿಗೆ ಸೀಟಿ ಊದುವವನು ತಿರುವಿನ ಪಾಠ ಹೇಳುವುದೇ!

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಒಬ್ಬನೇ ತಾಲೀಮಿಗೆ ಹೊರಟೆ. ಊರಾಚೆ ಒಂದು ಚಹಾದಂಗಡಿ, ಅದರೆದುರಿಗೆ ಒಳ್ಳೆಯ ತಿರುವು. ವೇಗವಾಗಿ ಬಂದು ಎಡಕ್ಕೆ ವಾಲಿದೆ. ನಾನು ವಾಲಿದೆ, ಗಾಡಿ ವಾಲಲಿಲ್ಲ! ಅದು ಗಡಿಯಾರದ ಹನ್ನೆರಡು ಗಂಟೆಯ ಮುಳ್ಳಿನಂತೆ ನೆಟ್ಟಗೆ. ಅದರ ಮೇಲೆ ನಾನೊಬ್ಬನೇ ಹತ್ತು ಗಂಟೆ. ತಿರುಗಿ ಬಂದೆ, ಮತ್ತೆ ಹತ್ತು ಗಂಟೆ. ನಾಲ್ಕನೆಯ ಸಲಕ್ಕೆ ಚಹಾದಂಗಡಿಯ ಕಟ್ಟೆಯ ಮೇಲಿದ್ದ ಮುದುಕನೊಬ್ಬ ಎದ್ದು ಬಂದು ಕೈ ಅಡ್ಡ ಹಿಡಿದ.

"ಮಾಸ್ತರ, ನಡಾ ಹಿಡದೇತೇನ್ರಿ? ಇಂಥಾದ್ರಾಗ ಗಾಡಿ ಯಾಕ ಹೊಡ್ಯಾಕತ್ತೀರಿ? ಮನಿಗಿ ಹೋಗಿ ಬಿಸಿನೀರ ಹಾಕ್ಕೊಂಡು ಮಲಕ್ಕೋರಿ."

ಭಾನುವಾರ ಬಂತು. ಅಂದು ನಿಪ್ಪಾಣಿಯಲ್ಲಿ ನನ್ನ ನಾದಿನಿ ಅಕ್ಕುತಾಯಿಯ ಹೊಸ ಮನೆಯ ವಾಸ್ತುಶಾಂತಿ. ಅಕ್ಕನ ಕಡೆಯ ಆಯೇರ, ಅಂದರೆ ಉಡುಗೊರೆ, ಎಂದು ಸುಂದರಾ ಒಂದು ತಾಮ್ರದ ಕೊಡ ಕೊಂಡಿದ್ದಳು. ಸುಮ್ಮನೆ ಕೊಂಡದ್ದಲ್ಲ, ಮೂರು ಅಂಗಡಿ ತಿರುಗಿ, ಇಪ್ಪತ್ತು ಕೊಡಗಳನ್ನು ಬೆರಳಿನಿಂದ ಬಾರಿಸಿ, ದನಿ ಕೇಳಿ ಆರಿಸಿದ್ದು. ತಂಗಿಯ ಹೊಸ ಮನೆಯೊಳಗೆ ಮೊದಲು ಹೋಗುವ ನೀರು ತನ್ನ ಕೊಡದ ನೀರೇ ಆಗಬೇಕೆಂದು ಅವಳ ಆಸೆ. ಆ ಕೊಡದ ಹೊಟ್ಟೆಯ ಮೇಲೆ "ಚಿ. ಸೌ. ಅಕ್ಕುತಾಯಿಗೆ ಲಗಮಣ್ಣ ಮಾಸ್ತರ ಅವರಿಂದ ಆಯೇರ" ಎಂದು ದಪ್ಪ ಅಕ್ಷರದಲ್ಲಿ ಕೊರೆಸಿದ್ದು ಮಾತ್ರ ನಾನು. ಅಷ್ಟು ಹೆಚ್ಚಿನ ಕೆಲಸ ಬೇರೆ ಯಾರು ಮಾಡುತ್ತಾರೆ!

ಕೊಡವನ್ನು ಗೋಣಿತಟ್ಟಿನಲ್ಲಿ ಸುತ್ತಿ ಗಾಡಿಯ ಹಿಂದೆ ಬಲಗಡೆಗೆ ಹಗ್ಗದಿಂದ ಕಟ್ಟಿದೆ. ಸುಂದರಾ ಎಳೆದು ನೋಡಿದಳು.

"ಹಗ್ಗ ಸಡಲ ಐತ್ರಿ."

"ವಿಜ್ಞಾನದ ಮಾಸ್ತರ ಕಟ್ಟಿದ ಗಂಟು ಅದು! ನೀ ಹತ್ತು. ಒಂದು ಮಾತು ನೆನಪಿಟ್ಕೊ. ತಿರುವಿನ್ಯಾಗ ನಾ ಯಾವ ಕಡೆ ವಾಲ್ತೀನಿ, ನೀನೂ ಆ ಕಡೆನ ವಾಲಬೇಕು."

"ಲಗ್ನ ಆಗಿ ಹನ್ನೆರಡು ವರ್ಷ ಆತು. ನೀವು ವಾಲಿದ ಕಡೆ ನಾ ಎಂದರ ವಾಲೀನೇನ್ರಿ?"

ಖರೆ ಹೇಳಿದ್ದಳು. ಮೊದಲ ತಿರುವಿನಲ್ಲಿ ನಾನು ಬಲಕ್ಕೆ ವಾಲಿದೆ, ಅವಳು "ಅಯ್ಯಯ್ಯ!" ಎನ್ನುತ್ತ ಎಡಕ್ಕೆ ವಾಲಿದಳು. ಎರಡನೆಯದರಲ್ಲಿ ನಾನು ಎಡಕ್ಕೆ, ಅವಳು ಬಲಕ್ಕೆ. ನಡುವೆ ಗಾಡಿ ತಕ್ಕಡಿಯ ಮುಳ್ಳಿನಂತೆ ನೆಟ್ಟಗೆ ನಿಂತಿತ್ತು. ದಾಂಪತ್ಯದಲ್ಲಿ ಸಮತೋಲನ ಎಂದರೆ ಇದೇ ಇರಬೇಕು!

ಮೂರನೆಯ ತಿರುವು ಬಂತು, ಬಲಕ್ಕೆ. ಹಲ್ಲು ಕಚ್ಚಿ ವಾಲಿದೆ.

ಖರ್ರ್ರ್!

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ತಿಕ್ಕಿತು! ಫುಟ್‌ರೆಸ್ಟು ರಸ್ತೆಗೆ ತಿಕ್ಕಿತು! ಆ ಕ್ಷಣದಲ್ಲಿ ನನ್ನ ಎದೆ ಉಬ್ಬಿದ ಅಳತೆಗೆ ಅಂಗಿಯ ಗುಂಡಿ ಹೇಗೆ ತಡೆದುಕೊಂಡಿತೋ ದೇವರೇ ಬಲ್ಲ.

"ಏನ್ರೀ ಅದು, ಖರ್ ಅಂತು?" ಎಂದು ಸುಂದರಾ ಬೆನ್ನಿಗೆ ಗುದ್ದಿದಳು.

"ಸಂಗೀತ! ನಿನ್ನ ಗಂಡನ ಸಂಗೀತ!"

"ನಿಲ್ಲಸ್ರಿ, ನೋಡೂಣು!"

"ಈಗ ನಿಲ್ಲಸ್ತಾರೇನ್ ಹುಚ್ಚಿ? ಈಗ ಕೈ ಕುಂತೇತಿ!"

ಮುಂದಿನ ತಿರುವಿಗೆ ಖರ್ರ್! ಅದರ ಮುಂದಿನದಕ್ಕೆ ಖರ್ರ್ರ್ರ್! ತಂಬಾಕಿನ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಎದ್ದು ನಿಂತು ಕೈ ಬೀಸಿದರು. ನಾನೂ ದಸರೆಯ ಆನೆಯ ಮೇಲಿನ ಮಹಾರಾಜನಂತೆ ಕೈ ಬೀಸಿದೆ. ಎದುರಿಗೆ ಸೈಕಲ್ಲಿನ ಮೇಲೆ ಬರುತ್ತಿದ್ದವನೊಬ್ಬ ಮರಾಠಿಯಲ್ಲಿ ಕೂಗಿದ: "ಗುರುಜೀ, ಖಾಲೀ! ಖಾಲೀ ಬಘಾ!"

ನೋಡಿ, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳೆದ ನನಗೆ ಮರಾಠಿ ಬರುವುದಿಲ್ಲವೇ? 'ಖಾಲೀ ಬಘಾ' ಎಂದರೆ 'ಕೆಳಗೆ ನೋಡ್ರಿ' ಎಂದು ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಗಾಳಿ ತುಂಬಿತ್ತು. ಕಿವಿಗೆ ಬಿದ್ದದ್ದು 'ಖಾಲಿ' ಒಂದೇ, ಅದೂ ಅಚ್ಚ ಕನ್ನಡದಲ್ಲಿ!

"ಕೇಳಿದೇನು? ಮುಂದ ರಸ್ತೆ ಖಾಲಿ ಐತಂತ!" ಎಂದು ಇನ್ನಷ್ಟು ಜೋರು ಬಿಟ್ಟೆ.

ಕೊನೆಗೆ ನಿಪ್ಪಾಣಿ ಎರಡು ಮೈಲಿ ಇರುವಾಗ ನೆಟ್ಟನೆಯ ರಸ್ತೆಯಲ್ಲೂ ಖರ್ರ್ ಶುರುವಾಯಿತು. ಎಡವಿಲ್ಲ, ಬಲವಿಲ್ಲ, ಒಂದೇ ಸಮನೆ ಖರ್ರ್ರ್ರ್! ಬೇರೆ ಯಾರಾದರೂ ಆಗಿದ್ದರೆ ಅನುಮಾನಪಡುತ್ತಿದ್ದರು. ನಾನು, ಒಮ್ಮೆ ಕೈ ಕುಳಿತವನಿಗೆ ತಿರುವೇ ಬೇಕಿಲ್ಲ ಎಂದುಕೊಂಡೆ.

ಹೊಸ ಮನೆಯ ಮುಂದೆ ಹಂದರ ಹಾಕಿದ್ದರು. ಜುಗೂಳದಿಂದ ಬಂದ ನನ್ನ ಅತ್ತೆ ಶಿವಗಂಗವ್ವ ಬಾಗಿಲಲ್ಲೇ ಕಾಯುತ್ತಿದ್ದರು. ಹೆಂಗಸರು ಗಡಿಬಿಡಿಯಲ್ಲಿ ಹಗ್ಗ ಬಿಚ್ಚಿ, ಗೋಣಿತಟ್ಟು ಸಮೇತ ಕೊಡವನ್ನು ನಲ್ಲಿಯ ಕಡೆಗೆ ಒಯ್ದರು. ನಾನು ಅಕ್ಕುತಾಯಿಯ ಗಂಡ, ತಂಬಾಕಿನ ವ್ಯಾಪಾರಿ ಭಾವುಸಾಹೇಬನ ಹೆಗಲ ಮೇಲೆ ಕೈ ಹಾಕಿ ಗಾಡಿಯ ಬಳಿಗೆ ಕರೆತಂದೆ.

"ಚಿಕ್ಕೋಡಿಯಿಂದ ಇಲ್ಲೀತನಕ ಫುಟ್‌ರೆಸ್ಟ್ ತಿಕ್ಕೊಂತ ಬಂದೀನಿ. ನೋಡ್ರಿ ಹೆಂಗ ಸವದೇತಿ!"

ಭಾವುಸಾಹೇಬ ಧೋತರ ಎತ್ತಿಕೊಂಡು ಕುಕ್ಕರಗಾಲಲ್ಲಿ ಕೂತ. ಬಲಗಡೆ ನೋಡಿದ. ಸುತ್ತು ಹಾಕಿ ಎಡಗಡೆಯೂ ನೋಡಿದ.

"ಕಾಯ್ ಹೋ ಮಾಸ್ತರ, ಇದು ಹೊಸಾದ ಐತೆಲ್ಲರಿ!"

ನಾನೂ ಬಗ್ಗಿದೆ. ರಬ್ಬರಿನ ಒಂದೊಂದು ಗೆರೆಯೂ ನನ್ನನ್ನು ನೋಡಿ ನಗುತ್ತಿತ್ತು. ಹಾಗಾದರೆ ದಾರಿಯುದ್ದಕ್ಕೂ ತಿಕ್ಕಿದ್ದು ಏನು?

ಅಷ್ಟರಲ್ಲಿ ನಲ್ಲಿಯ ಕಡೆಯಿಂದ ಅಕ್ಕುತಾಯಿಯ ದನಿ ಕೇಳಿಸಿತು: "ಅವ್ವಾ, ಎಷ್ಟ ಹೊತ್ತಾದ್ರೂ ಈ ಕೊಡಾ ತುಂಬವಲ್ದು!"

ತುಂಬುವುದು ಹೇಗೆ? ಗೋಣಿತಟ್ಟು ಒಂದು ಕಡೆ ಹರಿದು ಜಾಳಿಗೆಯಾಗಿತ್ತು. ಅದನ್ನು ತೆಗೆದರೆ ಕೊಡದ ಹೊಟ್ಟೆಯಲ್ಲಿ ಅಂಗೈಯಗಲ ತಾಮ್ರ ಸವೆದು ಥಳಥಳ ಹೊಳೆಯುತ್ತಿತ್ತು. ಅದರ ನಟ್ಟನಡುವೆ ಹೆಬ್ಬೆರಳು ತೂರುವಷ್ಟು ತೂತು. ಹಂದರದಲ್ಲಿದ್ದವರೆಲ್ಲ ಬಂದು ಸುತ್ತುವರಿದರು. ಭಾವುಸಾಹೇಬ ಕೊಡ ತಿರುಗಿಸಿ ಗಟ್ಟಿಯಾಗಿ ಓದಿದ:

"'ಚಿ. ಸೌ. ಅಕ್ಕುತಾಯಿಗೆ...' ಮುಂದ ತೂತು... 'ಅವರಿಂದ ಆಯೇರ.' ಯಾರಿಂದ ಬಂದೇತ್ರಿ ಇದು?"

"ತೂತಿನವರಿಂದ!" ಎಂದಳು ಸುಂದರಾ.

ಎಲ್ಲರೂ ನಕ್ಕರು. ಅವಳೂ ನಗಲು ಹೋದಳು, ಆದರೆ ಕಣ್ಣು ತುಂಬಿಕೊಂಡವು. ಸೆರಗಿನಿಂದ ಒರೆಸಿಕೊಂಡು ಮುಖ ತಿರುಗಿಸಿದಳು. ಇಪ್ಪತ್ತು ಕೊಡ ಬಾರಿಸಿ ನೋಡಿದ ಕೈ ಅದು. ನನ್ನ ಎದೆಯ ಗಾಳಿಯೆಲ್ಲ ಆಗಲೇ ಇಳಿದುಹೋಯಿತು.

ನನ್ನನ್ನು ಕಾಪಾಡಿದವರು ಅತ್ತೆ. ಅವರು ತೂತಿನೊಳಗೆ ಬೆರಳು ಹಾಕಿ ನೋಡಿ, ಗಂಭೀರವಾಗಿ ತಲೆಯಾಡಿಸಿದರು.

"ಅಳಬ್ಯಾಡ ಸುಂದರಾ. ಇದರಾಗ ಮಣ್ಣ ತುಂಬಿ ತುಳಸಿ ಹಚ್ಚೂಣು. ತುಳಸಿ ಬುಡಕ ನೀರು ನಿಂತ್ರ ಬೇರು ಕೊಳೀತಾವು. ನೀರು ಹೋಗಾಕ ದಾರಿ ನಮ್ಮ ಅಳಿಯಾರು ಮೊದಲ ಮಾಡಿ ತಂದಾರ!"

ಅಕ್ಕುತಾಯಿ ಅಕ್ಕನ ಕೈ ಹಿಡಿದು, "ಅಂದ್ರ ಮನಿಯೊಳಗ ಮೊದಲ ನಿನ್ನ ತುಳಸೀನ ಬರ್ಲಿ, ನೀರು ಆಮ್ಯಾಲ" ಎಂದಳು. ಹೊಲದಿಂದ ಬುಟ್ಟಿ ಮಣ್ಣು ಬಂತು, ನೆರೆಮನೆಯಿಂದ ಸಸಿ ಬಂತು. ಅಕ್ಕ ತಂಗಿ ಇಬ್ಬರೂ ಸೇರಿ ಕೊಡ ಹಿಡಿದು ಹೊಸಿಲು ದಾಟಿದರು. ಆಗ ಸುಂದರಾ ಮನಸಾರೆ ನಕ್ಕಳು. ನಾನು ಹೋಳಿಗೆಯನ್ನು ತಲೆ ತಗ್ಗಿಸಿಕೊಂಡು ಉಂಡೆ. ಐದು ಉಂಡೆ, ಅದು ಬೇರೆ ಮಾತು.

ಸಂಜೆ ಹೊರಡುವಾಗ ಗಾಡಿ ಚಾಲೂ ಮಾಡಿ, "ಹತ್ತು, ಮೆಲ್ಲಕ ಹೋಗೂಣು" ಎಂದೆ.

"ಬ್ಯಾಡ್ರಿ. ನೀವು ಬರ್ರಿ ಹಿಂದಿಂದ" ಎಂದವಳೇ, ಮಂದಿ ತುಂಬಿಕೊಂಡು ಚಿಕ್ಕೋಡಿಗೆ ಹೊರಟಿದ್ದ ಟೆಂಪೋವೊಂದನ್ನು ಹತ್ತಿ ಹಿಂದಿನ ಬಾಗಿಲ ಬಳಿ ಕುಳಿತುಬಿಟ್ಟಳು. ಒಳಗೆ ಇಪ್ಪತ್ತೈದು ಮಂದಿ, ಎರಡು ಆಡು, ತಲೆಯ ಮೇಲೆ ತಂಬಾಕಿನ ಮೂಟೆ. ನಾನು ತೆಪ್ಪಗೆ ಅದರ ಹಿಂದೆ ಹೊರಟೆ, ಬೆನ್ನು ನೆಟ್ಟಗೆ ಮಾಡಿಕೊಂಡು.

ಮೊದಲ ದೊಡ್ಡ ತಿರುವು ಬಂತು. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈ ಕಿಟಕಿಯ ಹೊರಗೆ ಚಾಚಿ ಎಲೆ ಅಡಿಕೆಯ ಚೂರು ಝಾಡಿಸುತ್ತಿದ್ದ. ಟೆಂಪೋ ಆಡುಗಳ ಸಮೇತ ಒಂದು ಕಡೆಗೆ ವಾಲಿತು, ಇನ್ನೂ ವಾಲಿತು, ಹತ್ತುವ ಕಬ್ಬಿಣದ ಮೆಟ್ಟಿಲು ಡಾಂಬರಿಗೆ ತಾಗಿತು. ಖರ್ರ್ರ್ರ್! ಮಸುಕು ಬೆಳಕಿನಲ್ಲಿ ಕಿಡಿ ಅಂದರೆ ಕಿಡಿ, ಬೊಗಸೆಗಟ್ಟಲೆ ಕಿಡಿ ಹಾರಿ ನನ್ನ ಮುಂದಿನ ಗಾಲಿಯ ತನಕ ಬಂತು!

ಒಳಗಿದ್ದವರು ಯಾರೂ ಮಾತು ಸಹ ನಿಲ್ಲಿಸಲಿಲ್ಲ. ಸುಂದರಾ ಮಾತ್ರ ಮುಂದೆ ಡ್ರೈವರನ ಹತ್ತಿರ ಏನೋ ಕೂಗಿ ಕೇಳಿ, ಹೊರಗೆ ತಲೆ ಹಾಕಿದಳು.

"ಏನ್ರೀ! ನಿಮ್ಮ ಸಲುವಾಗಿ ಕೇಳೀನಿ. ಸೋಮವಾರದಿಂದ ಟ್ಯೂಷನ್ನಿಗೆ ಕಳಿಸು ಅಂತಾರ!"