ಕಿತ್ತಳೆ ರುಚಿಯ ಮಾತ್ರೆ

ಔಷಧಿ ಕಹಿಯಾಗಿಯೇ ಇರಬೇಕು. ಕಹಿಯಾದದ್ದನ್ನು ಯಾರೂ ಬೇಕೆಂದು ಎರಡನೆಯ ಸಲ ಬಾಯಿಗೆ ಹಾಕಿಕೊಳ್ಳುವುದಿಲ್ಲ. ವಿಟಮಿನ್ ಸಿ ಮಾತ್ರೆಯನ್ನು ಕಿತ್ತಳೆ ಪೆಪ್ಪರ್‌ಮಿಂಟಿನಂತೆ ಮಾಡಿದವರಿಗೆ ನನ್ನಂಥವನ ಪರಿಚಯವಿರಲಿಲ್ಲವೆಂದು ಕಾಣುತ್ತದೆ.

ನೆಗಡಿ ನನ್ನನ್ನು ಬಿಟ್ಟಿದ್ದೇ ಕಡಿಮೆ. ಮುಳಬಾಗಿಲಿನಿಂದ ನರಸಾಪುರದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗುವಾಗ ನಾನು ಮೂಗು ಅರಳಿಸಿದರೆ ಸಾಕು, ಮುಂದಿನ ಸೀಟಿನವರು ತಲೆ ಬಗ್ಗಿಸುತ್ತಿದ್ದರು. ಪಕ್ಕದಲ್ಲಿ ಕೂರುವ ಸ್ಟೋರ್ಸಿನ ವೆಂಕಟೇಶಪ್ಪ ಒಂದು ದಿನ, "ಸಿ ವಿಟಮಿನ್ ತಗೊಳ್ಳಿ ಸಾರ್, ನೆಗಡಿ ಈ ಕಡೆ ತಲೆ ಹಾಕಲ್ಲ" ಎಂದ. ಅವನೂ ಎಲ್ಲೋ ಕೇಳಿದ್ದು. ಅವತ್ತೇ ಒಂದು ಡಬ್ಬಿ ತಂದೆ. ದಿನಕ್ಕೊಂದು ಎಂದು ಅದರ ಮೇಲೆ ಬರೆದಿತ್ತು. ಊಟವಾದ ಮೇಲೆ ಒಂದು, ಟೀವಿ ನೋಡುತ್ತಾ ಒಂದು, ಆ ಬರಹ ಸಾಧಾರಣ ಮನುಷ್ಯರಿಗೆ ಎಂದುಕೊಂಡು ಇನ್ನೊಂದು. ಹೆಂಡತಿ ಸರೋಜಾ ದೇವರಾಯಸಮುದ್ರದ ರೈತರ ಮಗಳು. "ರೀ, ಅದೇನು ಕಡ್ಲೆಪುರಿನಾ? ನಮ್ಮಪ್ಪ ಕಳಿಸಿರೋ ಸೀಬೆಹಣ್ಣು ಹಂಗೇ ಕೊಳೀತಾ ಅವೆ" ಎಂದಳು. ಸೀಬೆಬೀಜ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಮಾತ್ರೆಯೇ ವಾಸಿ ಎಂದೆ.

ಒಂದು ಬೆಳಿಗ್ಗೆ ಗಂಟಲು ಕೆರೆಯಿತು. ಕೈಗೆ ಬಂದಷ್ಟು ಮಾತ್ರೆ ಬಾಯಿಗೆ ಸುರಿದುಕೊಂಡು ಬಸ್ಸು ಹತ್ತಿದೆ. ಹೆದ್ದಾರಿಗೆ ಬರುವಷ್ಟರಲ್ಲಿ ಹೊಟ್ಟೆ ಗುಡುಗಿತು. ಕೋಲಾರ ದಾಟುವವರೆಗೆ ಹಲ್ಲು ಕಚ್ಚಿ ಕೂತೆ, ಆಮೇಲೆ ಆಗಲಿಲ್ಲ.

"ನಿಲ್ಲಿಸಪ್ಪಾ!" ಎಂದು ಕೂಗಿದೆ.

"ಇಲ್ಲೆಲ್ಲೂ ಸ್ಟಾಪಿಲ್ಲ ಸಾರ್" ಎಂದ ಡ್ರೈವರ್, ಕನ್ನಡಿಯಲ್ಲಿ ನನ್ನ ಮುಖ ಕಂಡವನೇ ಬ್ರೇಕ್ ಒತ್ತಿದ.

ಟೊಮೆಟೊ ತೋಟದಾಚೆಯ ಪೊದೆಯ ಹಿಂದೆ ನಾನು. ರಸ್ತೆಯಲ್ಲಿ ಪಾಳಿಗೆ ತಡವಾಗುತ್ತಿದ್ದ ಇಡೀ ಬಸ್ಸು.

"ಏಮೈಂದಿ ಸಾರ್‌ಗೆ?" ಸಾರ್‌ಗೆ ಏನಾಯಿತೆಂದು ಯಾರೋ ತೆಲುಗಿನಲ್ಲಿ ಕೇಳಿದರು.

"ಸಿ ವಿಟಮಿನ್ನು" ಎಂಬ ವೆಂಕಟೇಶಪ್ಪನ ಉತ್ತರ ಪೊದೆಯವರೆಗೂ ಕೇಳಿಸಿತು.

ಸಂಜೆ ಡಾಕ್ಟರು ನಗು ತಡೆದುಕೊಂಡೇ ಹೇಳಿದರು: "ಅದು ಬೇಕೇ ಬೇಕು ಕಣ್ರೀ. ವಸಡು ಗಟ್ಟಿಯಾಗಿರೋಕೆ, ಗಾಯ ಮಾಯೋಕೆ, ಸೊಪ್ಪಲ್ಲಿರೋ ಕಬ್ಬಿಣ ಮೈಗೆ ಹತ್ತೋಕೆ. ಆದ್ರೆ ಮೈ ಅದನ್ನ ಹೆಚ್ಚಾಗಿ ಕೂಡಿಡಲ್ಲ. ವಿಪರೀತ ತಿಂದ್ರೆ ಹೊಟ್ಟೆ ಕೆಡುತ್ತೆ. ದಿನಾ ಒಂದು ಸೀಬೆಹಣ್ಣು ತಿನ್ನಿ, ಸಾಕು."

"ನೆಗಡಿ, ಸಾರ್?"

"ಅದು ಬರೋ ಹೊತ್ತಿಗೆ ಬರುತ್ತೆ. ಯಾವ ಮಾತ್ರೆಗೂ ಹೆದರಲ್ಲ."

ಈಗ ಸರೋಜಾ ಕೊಯ್ದು ಕೊಟ್ಟ ಸೀಬೆಹಣ್ಣನ್ನು ಬೀಜಸಮೇತ ತಿನ್ನುತ್ತೇನೆ. ನೆಗಡಿಯೂ ಡಾಕ್ಟರು ಹೇಳಿದಂತೆ ಬರುವ ಹೊತ್ತಿಗೆ ಬರುತ್ತಿದೆ. ಬಸ್ಸಿನಲ್ಲಿ ಎಷ್ಟೇ ಜನ ನಿಂತಿದ್ದರೂ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಯಾರೂ ಕೂರುವುದಿಲ್ಲ, ಅದು ನನ್ನದು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಕಾಲು ಚಾಚಬಹುದು. ಹೊಟ್ಟೆ ಸರಿಹೋಗಿದೆ ಎಂದು ನಾನಿನ್ನೂ ಯಾರಿಗೂ ಹೇಳಿಲ್ಲ.